ಬಿಸಿಲ ನಾಡಿನ ಕಾಡುಪಾಠ

ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿನ ಕಡೆಗೆ ಹೊರಟ ರೈಲುಹಾದಿಯಲ್ಲಿ ಚಿತ್ತಾಪುರವನ್ನು ದಾಟಿದ ಮೇಲೆ, ಸೇಡಂ ಬರುವ ಮುನ್ನ, ಮಳಖೇಡ ರೋಡ್ ಎಂಬ ನಿಲ್ದಾಣವಿದೆ. 1874ರಲ್ಲಿ, ನಿಜಾಮರ ಆಳ್ವಿಕೆಯಲ್ಲಿ ತೆರೆದ ಹಳೆಯ ಹಾದಿ ಇದು. ಇಲ್ಲಿ ಇಳಿದವರ ಕಣ್ಣಿಗೆ ಮೊದಲು ಬೀಳುವುವು ಸಿಮೆಂಟು ಕಾರ್ಖಾನೆಯ ಗೋಪುರಗಳು. ಅವುಗಳ ಮಗ್ಗುಲಲ್ಲೇ ಕಾರ್ಖಾನೆಯ ಜನರ ವಸತಿನಗರ. ಅದೇ ಆದಿತ್ಯನಗರ. ರಾಜಶ್ರೀ ಸಿಮೆಂಟ್ ಎಂಬ ಹೆಸರಿನಿಂದ ಆರಂಭವಾಗಿ ಈಗ ಅಲ್ಟ್ರಾಟೆಕ್ ಸಂಸ್ಥೆಗೆ ಸೇರಿರುವ ಈ ಕಾರ್ಖಾನೆಯ ನೆರಳಿನಲ್ಲಿ ಕನ್ನಡ, ತೆಲುಗು, ಹಿಂದಿಗಳನ್ನು ಆಡುವ ಮನೆಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಸಮೀಪದಲ್ಲಿಯೇ, ಕಾಗಿಣಾ ನದಿಯ ದಂಡೆಯ ಮೇಲೆ, ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ ಇಂದು ಮಳಖೇಡವೆಂಬ ಗ್ರಾಮವಾಗಿ, ಹಾಳು ಕೋಟೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದೆ.

ಆದಿತ್ಯನೆಂದರೆ ಸೂರ್ಯ. ಬೇಸಿಗೆಯಲ್ಲಿ ಇಲ್ಲಿಗೆ ಬಂದವರಿಗೆ ಊರಿನ ಹೆಸರಿನ ಔಚಿತ್ಯವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇ ತಿಂಗಳಲ್ಲಿ ಉಷ್ಣಮಾನ 42 ಡಿಗ್ರಿ ಸೆಲ್ಸಿಯಸ್ಸನ್ನು ಮುಟ್ಟುವುದು ಈ ಸೀಮೆಯಲ್ಲಿ ಸುದ್ದಿಯೇ ಅಲ್ಲ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ರೂಢಿಯೇ ಉಂಟು. ಸರ್ಕಾರವೂ ತಲೆಬಾಗುವ ಬಿಸಿಲು ಇದು. ಶಾಲೆಗಳಿಗೆ ದೊಡ್ಡ ರಜೆ ದೊರೆಯುವುದೂ ಇದೇ ಕಾಲಕ್ಕೆ. ಮಕ್ಕಳನ್ನು ಶಿಬಿರಗಳಿಗೆ ಕಳುಹಿಸುವ ಯೋಚನೆ ತಂದೆತಾಯಂದಿರಿಗೆ ಬರುವುದೂ ಇದೇ ಕಾಲಕ್ಕೆ. ಚಿತ್ರಕಲೆ, ಈಜು, ನಾಟಕಗಳ ಶಿಬಿರಗಳ ಜೊತೆಗೆ, ಕೆಲವು ದಿನ ಕಾಡಿನ ಅಂಚಿನಲ್ಲಿ ಗುಡಾರ ಹೂಡಿ ದಿಕ್ಕು ತಿಳಿಯುವುದು, ನೀರು ಹುಡುಕುವುದು, ಗಂಟು ಹಾಕುವುದು, ಗಾಯಗೊಂಡವರನ್ನು ಉಪಚರಿಸುವುದು ಮೊದಲಾದ ವಿದ್ಯೆಗಳನ್ನು ಕಲಿಸುವ ಶಿಬಿರಗಳೂ ಈಗ ಮಕ್ಕಳ ಮನಸ್ಸನ್ನು ಸೆಳೆಯುತ್ತಿವೆ. ಅಂಥ ಶಿಬಿರದ ಶಿಕ್ಷಕನ ಕೆಲಸ ಎಂಥದು? ಈ ಬಿಸಿಲ ಸೀಮೆಯಲ್ಲಿ ಅವನು ಕಲಿಸಬೇಕಾದದ್ದು ಏನು? ಉತ್ತರವನ್ನು ಹುಡುಕುವವರು ಆದಿತ್ಯನಗರದಿಂದ ಸೇಡಂ ಮಾರ್ಗವಾಗಿ ಉತ್ತರಕ್ಕೆ, ಚಿಂಚೋಳಿಯ ಗುಡ್ಡಗಳ ಕಡೆಗೆ ನಡೆಯಬೇಕು.

ಫರ್ಸಿಯಿಂದ ಕೆಂಪುಕಲ್ಲಿಗೆ

ಈ ದಾರಿಯೇ ಒಂದು ಪಾಠ. ಶಹಾಬಾದ, ಚಿತ್ತಾಪುರ, ಸೇಡಂಗಳ ನೆಲದಡಿಯಲ್ಲಿ ಇರುವುದು ಸುಣ್ಣಕಲ್ಲು. ಹಾಳೆಹಾಳೆಯಾಗಿ ಏಳುವ ಈ ಕಲ್ಲೇ ಮನೆಮನೆಯ ನೆಲಕ್ಕೆ ಹಾಸಿದ ಫರ್ಸಿ; ಬಡವರ ಮನೆಗೆ ಇದೇ ಚಾವಣಿ, ಸಿಮೆಂಟು ಕಾರ್ಖಾನೆಗೆ ಇದೇ ಆಹಾರ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿ ಹರಡಿದ್ದ ಆಳವಿಲ್ಲದ ಸಮುದ್ರದ ತಳದಲ್ಲಿ ಪದರಪದರವಾಗಿ ಕೂಡಿದ ಕೆಸರು ಕಲ್ಲಾಯಿತು. ಉತ್ತರಕ್ಕೆ ಸಾಗಿದಂತೆ ತೊಗರಿ ಬೆಳೆಯುವ ಕರಿಯ ಎರೆಭೂಮಿ ಬರುತ್ತದೆ. ಅದರ ಅಡಿಯಲ್ಲಿ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಲಾವಾರಸ ಹರಿದು ಹೆಪ್ಪುಗಟ್ಟಿದ ಕರಿಗಲ್ಲು. ಚಿಂಚೋಳಿಯ ಗುಡ್ಡಗಳ ನೆತ್ತಿಯಲ್ಲಿ ಆ ಕರಿಗಲ್ಲೇ ಮಳೆಬಿಸಿಲುಗಳಿಗೆ ಮಾಗಿ, ರಂಧ್ರರಂಧ್ರವಾದ ಕೆಂಪು ಜಂಬಿಟ್ಟಿಗೆಯಾಗಿದೆ. ಒಂದೇ ಬೆಳಗಿನ ಪ್ರಯಾಣದಲ್ಲಿ ಭೂಮಿಯ ಮೂರು ಅಧ್ಯಾಯಗಳನ್ನು ದಾಟಿ ಬರುವ ಈ ಅವಕಾಶವನ್ನು ಬಲ್ಲ ಶಿಕ್ಷಕ, ಬಸ್ಸಿನಲ್ಲಿಯೇ ಪಾಠವನ್ನು ಆರಂಭಿಸುತ್ತಾನೆ.

ಚಿಂಚೋಳಿಯನ್ನು ಕಲಬುರಗಿಯ ಮಲೆನಾಡೆಂದು ಕರೆಯುವುದುಂಟು. ಇಲ್ಲಿನ 134.88 ಚದರ ಕಿಲೋಮೀಟರು ಅರಣ್ಯ 2011ರಲ್ಲಿ ವನ್ಯಜೀವಿಧಾಮವಾಯಿತು. ದಕ್ಷಿಣ ಭಾರತದ ಮೊದಲ ಒಣಭೂಮಿ ವನ್ಯಜೀವಿಧಾಮವೆಂಬ ಹೆಸರು ಇದಕ್ಕಿದೆ. ಕೃಷ್ಣಮೃಗ, ತೋಳ, ಕತ್ತೆಕಿರುಬ, ನರಿಗಳು ಇಲ್ಲಿಯ ನಿವಾಸಿಗಳು. ಗೊಟ್ಟಂಗೊಟ್ಟದ ಕಣಿವೆ, ಚಂದ್ರಂಪಳ್ಳಿಯ ಜಲಾಶಯ, ತೆಲಂಗಾಣದ ಗಡಿಯಲ್ಲಿರುವ ಕುಂಚಾವರಂ ಕಾಡು, ಎತ್ತಿಪೋತ ಜಲಪಾತ, ಇವೆಲ್ಲ ಮಳೆಗಾಲದಲ್ಲಿ ಪ್ರವಾಸಿಗರನ್ನು ಸೆಳೆಯುವ ತಾಣಗಳು. ಕಾಡಿನ ಒಳಗೂ ಅಂಚಿನಲ್ಲೂ ಲಂಬಾಣಿ ತಾಂಡಾಗಳಿವೆ.

ಆದರೆ ಶ್ರಾವಣದ ಚಿಂಚೋಳಿಯನ್ನು ಕಂಡವರು ಮೇ ತಿಂಗಳಲ್ಲಿ ಅದನ್ನು ಗುರುತಿಸಲಾರರು. ತೇಗದ ಮರಗಳು ಬೋಳಾಗಿ ನಿಂತಿರುತ್ತವೆ. ಮುತ್ತುಗದ ಕೆಂಪು ಹೂವುಗಳ ಸುಗ್ಗಿ ಮುಗಿದು, ಕಕ್ಕೆಯ ಮರದಲ್ಲಿ ಮಾತ್ರ ಹಳದಿಯ ಗೊಂಚಲುಗಳು ತೂಗುತ್ತಿರುತ್ತವೆ. ಕಾಲಿಟ್ಟಲ್ಲೆಲ್ಲ ತರಗೆಲೆ ಹುರಿದ ಹಪ್ಪಳದಂತೆ ಸದ್ದು ಮಾಡುತ್ತದೆ. ಹಳ್ಳಗಳು ಮರಳಿನ ಪಟ್ಟಿಗಳಾಗಿ, ಎತ್ತಿಪೋತದ ಬಂಡೆ ಒಣಗಿ ನಿಂತಿರುತ್ತದೆ. ಶಿಬಿರದ ಮಕ್ಕಳು ಕಾಣುವುದು ಈ ಕಾಡನ್ನು. ನಿಜವಾದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಶಾಲೆಯೂ ಇಲ್ಲ, ಇದಕ್ಕಿಂತ ಕಠಿಣವಾದ ಶಾಲೆಯೂ ಇಲ್ಲ.

ಪುಸ್ತಕ ತಪ್ಪುವ ಗಳಿಗೆ

ವನವಿದ್ಯೆಯ ಶಿಬಿರಗಳ ಇಂದಿನ ರೂಪ ಹುಟ್ಟಿದ್ದು ಹೊರನಾಡಿನಲ್ಲಿ. 1907ರಲ್ಲಿ ಬೇಡನ್ ಪೊವೆಲ್ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಮಂದಿ ಹುಡುಗರ ಶಿಬಿರವನ್ನು ನಡೆಸಿದನು. ಸ್ಕೌಟ್ ಚಳುವಳಿಯ ಬೀಜ ಅದು. 1941ರಲ್ಲಿ ಕರ್ಟ್ ಹಾನ್ ಎಂಬ ಶಿಕ್ಷಣತಜ್ಞನು ವೇಲ್ಸಿನ ಕಡಲತೀರದ ಅಬರ್ಡೋವಿಯಲ್ಲಿ ತರುಣರಿಗೆ ಕಷ್ಟಸಹಿಷ್ಣುತೆಯನ್ನು ಕಲಿಸುವ ಶಾಲೆಯನ್ನು ತೆರೆದನು. ನಮ್ಮ ದೇಶದಲ್ಲಿ 1954ರಲ್ಲಿ ಡಾರ್ಜಿಲಿಂಗಿನ ಹಿಮಾಲಯ ಪರ್ವತಾರೋಹಣ ಸಂಸ್ಥೆ, 1965ರಲ್ಲಿ ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆ ಆರಂಭವಾದುವು. ಮೊದಲು ಪ್ರಾಥಮಿಕ ಶಿಕ್ಷಣ, ಅನಂತರ ಉನ್ನತ ಶಿಕ್ಷಣ, ಕೊನೆಗೆ ಬೋಧನಕ್ರಮದ ಪ್ರತ್ಯೇಕ ತರಬೇತಿ, ಹೀಗೆ ಮೆಟ್ಟಿಲುಮೆಟ್ಟಿಲಾಗಿ ಶಿಕ್ಷಕರನ್ನು ರೂಪಿಸುವ ಪದ್ಧತಿ ಈ ಸಂಸ್ಥೆಗಳಲ್ಲಿದೆ. ಕರ್ನಾಟಕದಲ್ಲಿ ಕೊಡಗಿನ ವೀರಪುತ್ರ ಜನರಲ್ ತಿಮ್ಮಯ್ಯನವರ ಹೆಸರಿನ ಸಾಹಸ ಅಕಾಡೆಮಿ ಸರ್ಕಾರದ ಆಶ್ರಯದಲ್ಲಿ ತರುಣರಿಗೆ ಶಿಕ್ಷಣವನ್ನು ನೀಡುತ್ತಿದೆ. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ ಶಾಲಾಮಕ್ಕಳನ್ನು ಕಾಡಿಗೆ ಕರೆದೊಯ್ಯುತ್ತದೆ. ಚಂದ್ರಂಪಳ್ಳಿಯ ನೀರಿನ ಬಳಿ ಇಲಾಖೆ ಪ್ರಕೃತಿಶಿಬಿರದ ತಾಣವನ್ನೂ ರೂಪಿಸಿದೆ.

ಹೊರಗಿನಿಂದ ಬಂದ ವಿದ್ಯೆ ಉಪಯುಕ್ತವಾದದ್ದೇ. ಆದರೆ ಅದರ ಪುಸ್ತಕವನ್ನು ಚಿಂಚೋಳಿಯ ನೆಲದ ಮೇಲೆ ಬಿಡಿಸಿದಾಗ ಏನಾಗುತ್ತದೆಂಬುದಕ್ಕೆ ಒಂದು ಕೋಲು ಸಾಕು.

ಬಯಲಿನಲ್ಲಿ ನೆಟ್ಟಗೆ ಕೋಲು ನೆಟ್ಟು, ನಡುಹಗಲಿನಲ್ಲಿ ಅದರ ನೆರಳು ಬಿದ್ದ ಕಡೆಯೇ ಉತ್ತರವೆಂದು ತಿಳಿಯಬೇಕೆಂಬುದು ಯೂರೋಪಿನ ಪುಸ್ತಕಗಳ ಹಳೆಯ ಪಾಠ. ಆ ನಾಡುಗಳಲ್ಲಿ ಸೂರ್ಯನು ವರ್ಷವಿಡೀ ದಕ್ಷಿಣದಲ್ಲಿಯೇ ನಡೆಯುವುದರಿಂದ ಈ ಮಾತು ಅಲ್ಲಿಗೆ ಸರಿ. ಚಿಂಚೋಳಿ, ಸೇಡಂ, ಆದಿತ್ಯನಗರಗಳು ಸಮಭಾಜಕದಿಂದ ಉತ್ತರಕ್ಕೆ ಹದಿನೇಳು, ಹದಿನೇಳೂವರೆ ಡಿಗ್ರಿಗಳ ದೂರದಲ್ಲಿವೆ. ಮೇ 9ರ ಆಸುಪಾಸಿನಲ್ಲಿ ಸೂರ್ಯನು ಇಲ್ಲಿ ನೇರವಾಗಿ ನೆತ್ತಿಯ ಮೇಲೆ ಬರುತ್ತಾನೆ. ಹನ್ನೆರಡೂ ಕಾಲು ಗಂಟೆಯ ಸುಮಾರಿಗೆ, ನೆಟ್ಟ ಕೋಲಿನ ನೆರಳು ಕುಗ್ಗಿ ಕುಗ್ಗಿ ಅದರ ಬುಡದಲ್ಲಿಯೇ ಅಡಗಿಹೋಗುತ್ತದೆ. ಮಕ್ಕಳು ಸುತ್ತ ನಿಂತು ನೋಡುತ್ತಾರೆ. ತಮ್ಮ ನೆರಳೂ ಕಾಲಡಿಯಲ್ಲಿ ಮಾಯವಾದುದನ್ನು ಕಂಡು ಬೆರಗಾಗುತ್ತಾರೆ. ಅಲ್ಲಿಂದ ಮುಂದೆ ಆಗಸ್ಟ್ ತಿಂಗಳ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯನು ಉತ್ತರಕ್ಕೆ ವಾಲಿರುತ್ತಾನೆ, ನೆರಳು ದಕ್ಷಿಣಕ್ಕೆ ಬೀಳುತ್ತದೆ. ಆ ದಿನಗಳಲ್ಲಿ ಪುಸ್ತಕವನ್ನೇ ನಂಬಿ ಹೊರಟವನು ಚಿಂಚೋಳಿಯೆಂದು ತಿಳಿದು ಸೇಡಮ್ಮಿನ ದಾರಿಯನ್ನು ಹಿಡಿದಾನು!

ಬಲ್ಲ ಶಿಕ್ಷಕನು ಕೋಲನ್ನು ಕೈಬಿಡುವುದಿಲ್ಲ; ಅದನ್ನು ಬೇರೆ ಹೊತ್ತಿನಲ್ಲಿ ಬಳಸುತ್ತಾನೆ. ಬೆಳಿಗ್ಗೆ ನೆರಳಿನ ತುದಿಗೆ ಒಂದು ಹರಳು; ಕಾಲು ಗಂಟೆ ಕಳೆದ ಮೇಲೆ ಸರಿದ ತುದಿಗೆ ಇನ್ನೊಂದು. ಮೊದಲ ಹರಳು ಪಶ್ಚಿಮ, ಎರಡನೆಯದು ಪೂರ್ವ. ಸೂರ್ಯನು ಯಾವ ಬದಿಗೇ ವಾಲಿರಲಿ, ಈ ಲೆಕ್ಕ ಸ್ಥೂಲವಾಗಿ ನಿಲ್ಲುತ್ತದೆ. ತನ್ನ ಊರಿನ ಸೂರ್ಯ ಎಲ್ಲಿ ನಡೆಯುತ್ತಾನೆಂದು ಕಣ್ಣಾರೆ ನೋಡದೆ ಸೂತ್ರವನ್ನು ಬಾಯಿಪಾಠ ಮಾಡಬಾರದೆಂಬುದು ಅಂದಿನ ಪಾಠದ ತಿರುಳು. ಮಕ್ಕಳು ಮನೆಗೆ ಹೋಗಿ ಅಪ್ಪನಿಗೂ ಅಜ್ಜಿಗೂ ತೋರಿಸುವ ಮೊದಲ ವಿದ್ಯೆಯೂ ಇದೇ.

ನೀರಿನ ಲೆಕ್ಕ

ಬಿಸಿಲ ನಾಡಿನ ಶಿಬಿರದಲ್ಲಿ ದಿನಚರಿಯನ್ನು ನಿರ್ಧರಿಸುವವನು ಸೂರ್ಯನೇ. ನಸುಕಿನ ನಾಲ್ಕೂವರೆಗೆ ಏಳಬೇಕು. ಐದೂವರೆಯಿಂದ ಒಂಬತ್ತರೊಳಗೆ ನಡಿಗೆ ಮುಗಿಯಬೇಕು. ಹನ್ನೊಂದರಿಂದ ನಾಲ್ಕರವರೆಗೆ ಮರದ ನೆರಳನ್ನು ಬಿಟ್ಟು ಯಾರೂ ಕದಲಬಾರದು. ಆ ಹೊತ್ತು ನಕ್ಷೆ ಓದುವುದಕ್ಕೆ, ಗಂಟುಗಳ ಅಭ್ಯಾಸಕ್ಕೆ, ಪ್ರಥಮೋಪಚಾರಕ್ಕೆ, ಕಥೆಗೆ, ನಿದ್ದೆಗೆ ಮೀಸಲು. ಊಟಕ್ಕೆ ಇಲ್ಲಿನ ಅಡುಗೆಮನೆಯೇ ಗುರು. ತಿಂಗಳುಗಟ್ಟಲೆ ಕೆಡದ ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ, ಈರುಳ್ಳಿ ಇದ್ದರೆ ಒಲೆಯ ಹಂಗಿಲ್ಲದೆ ಒಂದು ಹೊತ್ತು ಕಳೆಯುತ್ತದೆ. ದಂಡಯಾತ್ರೆಗೂ ದೂರದ ಸಂತೆಗೂ ಹೊರಟ ಹಿಂದಿನವರ ಬುತ್ತಿಯನ್ನು ಡಬ್ಬಿಯ ಆಹಾರ ಇನ್ನೂ ಮೀರಿಸಿಲ್ಲ.

ಶಿಕ್ಷಕನ ಮನಸ್ಸು ಮಾತ್ರ ಸದಾ ನೀರಿನ ಮೇಲೆಯೇ. ಈ ಬಿಸಿಲಿನಲ್ಲಿ ನಡೆದಾಡುವ ಒಬ್ಬ ಹುಡುಗನಿಗೆ ಕುಡಿಯಲು ದಿನಕ್ಕೆ 4 ಲೀಟರಾದರೂ ಬೇಕು. 30 ಮಕ್ಕಳಿರುವ ಶಿಬಿರಕ್ಕೆ ಅದೇ 120 ಲೀಟರು. ಅಡುಗೆ, ಕೈಕಾಲು, ಪಾತ್ರೆಗಳ ಲೆಕ್ಕ ಬೇರೆ. ನಲ್ಲಿ ತಿರುಗಿಸಿ ಬೆಳೆದ ಮಕ್ಕಳಿಗೆ ಈ ಲೆಕ್ಕ ಮೊದಲ ದಿನ ಅರ್ಥವಾಗುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೇ ಶಿಕ್ಷಕ ಕೇಳುತ್ತಾನೆ:

“ಬಾಟ್ಲ್ಯಾಗ ನೀರು ಎಷ್ಟದಪಾ?”

“ಖಾಲಿ ಆಗ್ಯದ್ರಿ ಸರ್.”

ಕುಡಿದು ಖಾಲಿಯಾಗಿದ್ದರೆ ಚಿಂತೆಯಿಲ್ಲ. ಗೆಳೆಯನ ತಲೆಯ ಮೇಲೆ ಸುರಿದು ಖಾಲಿಯಾಗಿದ್ದರೆ, ಅಂದು ಜಲಾಶಯದಿಂದ ಕೊಡ ಹೊತ್ತು ತರುವ ಸರದಿ ಆ ಹುಡುಗನದು. ಬೈಗುಳವಿಲ್ಲ, ಶಿಕ್ಷೆಯಿಲ್ಲ, ಹೊತ್ತವನಿಗೆ ನೀರಿನ ತೂಕ ತಾನೇ ತಿಳಿಯುತ್ತದೆ. ತಾಂಡಾದ ಹೆಣ್ಣುಮಕ್ಕಳು ತಲೆಯ ಮೇಲೆ ಎರಡೆರಡು ಕೊಡಗಳನ್ನು ಇಟ್ಟುಕೊಂಡು ನಡೆಯುವುದನ್ನು ಆ ಹುಡುಗ ಅಂದಿನಿಂದ ಬೇರೆ ಕಣ್ಣಿನಿಂದ ನೋಡುತ್ತಾನೆ.

ತಂದ ನೀರನ್ನು ಮೊದಲು ಸೋಸಬೇಕು, ಅನಂತರ ಕುದಿಸಬೇಕು. ಸೋಸುವುದಕ್ಕೆ ಅಜ್ಜಿಯ ಹಳೆಯ ಸೀರೆಯೇ ಸಾಕು. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಹಲವು ಮಡಿಕೆ ಮಾಡಿ ನೀರು ಸೋಸಿದ ಮನೆಗಳಲ್ಲಿ ಕಾಲರಾ ಅರ್ಧದಷ್ಟು ಕಡಿಮೆಯಾದುದನ್ನು ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದರು. ಕರ್ನಾಟಕಕ್ಕೂ ಬಟ್ಟೆಯ ಮಹಿಮೆ ಹೊಸತಲ್ಲ. ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣಿನ ರೋಗ ಈ ನಾಡನ್ನೂ ಕಾಡಿತ್ತು. ಸೋಸಿದ ನೀರು, ಮೆಟ್ಟಿಲಿಲ್ಲದ ಸೇದುಬಾವಿ, ಕೊಳವೆಬಾವಿಗಳಿಂದ ಆ ರೋಗ ತೊಲಗಿತು. 2000ದಲ್ಲಿ ಭಾರತವು ಅದರಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿತು. ಇಂಥ ಸಂಗತಿಯನ್ನು ಹೇಳಿ ಸೀರೆಯ ತುಂಡನ್ನು ಕೈಗೆ ಕೊಟ್ಟರೆ, ಮಕ್ಕಳು ಅದನ್ನು ಹರಕು ಬಟ್ಟೆಯೆಂದು ಎಸೆಯುವುದಿಲ್ಲ.

ಇನ್ನು ನೀರನ್ನು ಹುಡುಕುವ ವಿದ್ಯೆ. ಜಂಬಿಟ್ಟಿಗೆ ಮಳೆಯ ನೀರನ್ನು ಹೀರಿ ತನ್ನೊಳಗೆ ಇಳಿಸಿಕೊಳ್ಳುತ್ತದೆ. ಅಡಿಯ ಕರಿಗಲ್ಲು ಅದನ್ನು ಮುಂದಕ್ಕೆ ಬಿಡುವುದಿಲ್ಲ. ಆದ್ದರಿಂದ ಎರಡೂ ಕೂಡುವ ಗೆರೆಯಲ್ಲಿ, ಗುಡ್ಡದ ಪಕ್ಕೆಯಲ್ಲಿ, ನೀರು ಒಸರುತ್ತದೆ. ನೆರೆಯ ಬೀದರಿನಲ್ಲಿ ಬಹಮನಿ ಅರಸರ ಕಾಲದ ಸುರಂಗಬಾವಿಗಳು ಕೊರೆದುಕೊಂಡು ಹೋಗಿರುವುದೂ ಇದೇ ಗೆರೆಯನ್ನು ಹಿಡಿದು. ಇದು ಪುಸ್ತಕದ ಮಾತು. ಆಡು ಕಾಯುವ ಲಂಬಾಣಿ ಮುದುಕನೊಬ್ಬ ಎದುರಾದರೆ, ಶಿಕ್ಷಕ ಪುಸ್ತಕವನ್ನು ಮುಚ್ಚಿ ಕೇಳುತ್ತಾನೆ:

“ಮುತ್ಯಾ, ಈಗ ನೀರು ಎಲ್ಲದ?”

“ಮ್ಯಾಲಿನ ಕೆಂಪುಕಲ್ಲಿನ ಬುಡಕ್ಕ ನೋಡ್ರಿ. ಜೇನು ಎಲ್ಲಿ ಬಂದು ಕೂಡ್ತಾವ, ಅಲ್ಲಿ ಹಸಿ ಇರ್ತದ.”

ಭೂವಿಜ್ಞಾನಿಯ ಮಾತೂ ಮುತ್ಯಾನ ಮಾತೂ ಒಂದೇ ಜಾಗಕ್ಕೆ ಬಂದು ಸೇರುವುದನ್ನು ಮಕ್ಕಳು ಕೇಳುತ್ತಾರೆ. ರೈಲು ಬರುವ ಮುನ್ನ ಎತ್ತುಗಳ ಹಿಂಡಿನ ಮೇಲೆ ಧಾನ್ಯ, ಉಪ್ಪುಗಳನ್ನು ಹೇರಿಕೊಂಡು ದಖ್ಖನ್ನಿನ ಉದ್ದಗಲಗಳನ್ನು ಅಳೆದವರು ಈ ಬಂಜಾರರು. ಎಲ್ಲಿ ಹುಲ್ಲು, ಎಲ್ಲಿ ನೀರು ಎಂಬುದರ ಮೇಲೆಯೇ ಅವರ ವ್ಯಾಪಾರ ನಿಂತಿತ್ತು. ವನವಿದ್ಯೆ ಅವರಿಗೆ ರಜೆಯ ವಿನೋದವಾಗಿರಲಿಲ್ಲ, ಬದುಕೇ ಆಗಿತ್ತು.

ಬೆಂಕಿಯಿಲ್ಲದ ರಾತ್ರಿ

ಶಿಬಿರವೆಂದರೆ ರಾತ್ರಿ ಬೆಂಕಿಯ ಸುತ್ತ ಕುಳಿತು ಹಾಡುವುದೆಂದು ಅನೇಕರ ಕಲ್ಪನೆ. ಒಣ ಕಾಡಿನಲ್ಲಿ ಮೇ ತಿಂಗಳ ಒಂದು ಕಿಡಿ ಎಷ್ಟು ಎಕರೆಗಳನ್ನು ನುಂಗೀತೆಂದು ಹೇಳುವವರಾರು? ವನ್ಯಜೀವಿಧಾಮಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದನ್ನೂ ಉರಿಯುವ ಬೆಂಕಿಯನ್ನು ಬಿಟ್ಟುಬರುವುದನ್ನೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ. ಅಡುಗೆಯ ಒಲೆ ಅರಣ್ಯ ಇಲಾಖೆ ಗೊತ್ತುಮಾಡಿದ ಜಾಗದಲ್ಲಿಯೇ ಉರಿಯಬೇಕು, ಅಲ್ಲಿಯೇ ಆರಬೇಕು. ಬೆಂಕಿಯಿಲ್ಲವೆಂದು ಮೊದಲ ರಾತ್ರಿ ಮಕ್ಕಳ ಮುಖ ಬಾಡುತ್ತದೆ. ಆಗ ಶಿಕ್ಷಕ ದೀಪಗಳನ್ನೂ ಆರಿಸಿಬಿಡುತ್ತಾನೆ.

ಕತ್ತಲೆಗೆ ಕಣ್ಣು ಒಗ್ಗುವವರೆಗೆ ಸದ್ದಿಲ್ಲ. ಅನಂತರ ಒಬ್ಬೊಬ್ಬರೇ ತಲೆಯೆತ್ತುತ್ತಾರೆ. ಮೇ ತಿಂಗಳ ಒಂಬತ್ತೂವರೆಯ ಸುಮಾರಿಗೆ ಸಪ್ತರ್ಷಿಮಂಡಲ ಉತ್ತರದ ಆಕಾಶದಲ್ಲಿ ಎತ್ತರಕ್ಕೇರಿರುತ್ತದೆ. ಅದರ ಕ್ರತು, ಪುಲಹ ನಕ್ಷತ್ರಗಳನ್ನು ಕೂಡಿಸಿ ಗೆರೆಯೆಳೆದರೆ ಅದು ಧ್ರುವನ ಬಳಿಗೆ ಒಯ್ಯುತ್ತದೆ. ಧ್ರುವನು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿರುವನೋ ಅದೇ ಆ ಊರಿನ ಅಕ್ಷಾಂಶ. ನೀಡಿದ ಕೈಯ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಚಂದ್ರಂಪಳ್ಳಿಯ ಏರಿಯ ಮೇಲೆ ನಿಂತ ಹುಡುಗಿ ಮುಷ್ಟಿಯ ಮೇಲೆ ಮುಷ್ಟಿಯಿಟ್ಟು ಅಳೆದರೆ ಧ್ರುವನು ಎರಡು ಮುಷ್ಟಿಗೆ ಸ್ವಲ್ಪ ಕೆಳಗೆ ಸಿಕ್ಕುತ್ತಾನೆ. ಯಾವ ಉಪಕರಣವೂ ಇಲ್ಲದೆ ಭೂಗೋಲದ ಮೇಲೆ ತನ್ನ ಸ್ಥಾನವನ್ನು ಅವಳು ಕಂಡುಕೊಂಡಂತಾಯಿತು! ಅದೇ ಹೊತ್ತಿನಲ್ಲಿ ಹಿಂದಿರುಗಿ ನೋಡಿದರೆ, ದಕ್ಷಿಣದ ಅಂಚಿನಲ್ಲಿ ತ್ರಿಶಂಕು ನಕ್ಷತ್ರಗಳ ಪುಟ್ಟ ಶಿಲುಬೆ. ಒಂದು ಕಡೆ ಧ್ರುವ, ಇನ್ನೊಂದು ಕಡೆ ತ್ರಿಶಂಕು. ಬ್ರೌನ್‌ಸೀ ದ್ವೀಪದ ಹುಡುಗರಿಗೆ ದೊರೆಯದ ಭಾಗ್ಯ ಇದು. ಅಲ್ಲಿ ತ್ರಿಶಂಕು ಎಂದೂ ಉದಯಿಸುವುದಿಲ್ಲ.

ಮಕ್ಕಳು ಮಲಗಿದ ಮೇಲೆ ಶಿಕ್ಷಕನ ನಿಜವಾದ ಕೆಲಸ ಮೊದಲಾಗುತ್ತದೆ. ನೆಲದ ಮೇಲೆ ಮಲಗಿದವರನ್ನು ರಾತ್ರಿ ಕಟ್ಟುಹಾವು ಕಚ್ಚುವುದುಂಟು. ಕಚ್ಚಿದ್ದು ತಿಳಿಯುವುದೂ ಕಷ್ಟ. ಗುಡಾರದ ಬಾಗಿಲುಗಳನ್ನು ಒಂದೊಂದಾಗಿ ನೋಡಿ, ಸೊಳ್ಳೆಪರದೆಯ ಅಂಚು ಹಾಸಿಗೆಯಡಿ ಸೇರಿದೆಯೇ ಎಂದು ಅವನು ಪರೀಕ್ಷಿಸುತ್ತಾನೆ. ಬೆಳಗ್ಗೆ ಬೂಟನ್ನು ಕೊಡವದೆ ಯಾರೂ ಹಾಕಿಕೊಳ್ಳಕೂಡದು. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಎಲ್ಲವೂ ಅಪಾಯ. ಕಚ್ಚಿದ ಅಂಗವನ್ನು ಕದಲದಂತೆ ದಬ್ಬೆಗೆ ಕಟ್ಟಿ, ಧೈರ್ಯ ಹೇಳಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಚಿಂಚೋಳಿಯ ಆಸ್ಪತ್ರೆಯಲ್ಲಿ ವಿಷನಿವಾರಕ ಚುಚ್ಚುಮದ್ದು ಇದೆಯೇ ಎಂದು ಶಿಬಿರಕ್ಕೆ ಮೊದಲೇ ವಿಚಾರಿಸಿಕೊಂಡವನೇ ಜಾಣ. ಹೆಜ್ಜೇನಿನ ಗೂಡಿನಡಿ ಹೊಗೆ, ಗದ್ದಲ, ಕಲ್ಲೆಸೆತ ಕೂಡದು. ಇಷ್ಟನ್ನೂ ಮಕ್ಕಳಲ್ಲಿ ಭಯ ಹುಟ್ಟಿಸದೆ, ಎಚ್ಚರವನ್ನು ಮಾತ್ರ ಹುಟ್ಟಿಸಿ ಹೇಳುವುದು ಸುಲಭದ ಕಲೆಯಲ್ಲ.

ಗಂಟುಗಳ ಪಾಠದಲ್ಲಿಯೂ ಇದೇ ವಿವೇಕ. ಕಗ್ಗಂಟು ಬಿಗಿಯುತ್ತದೆ, ಬಿಚ್ಚುವುದಿಲ್ಲ. ಎಳೆದಷ್ಟೂ ಬಿಗಿಯುವ ಜೀರುಕುಣಿಕೆಯನ್ನು ಸೌದೆಯ ಹೊರೆಗೆ ಹಾಕಬಹುದು, ಮನುಷ್ಯನ ಸೊಂಟಕ್ಕೆ ಎಂದೂ ಹಾಕಬಾರದು. ಭಾರ ಬಿದ್ದಾಗ ಜಾರದೆ, ಭಾರ ಇಳಿದಾಗ ಸಲೀಸಾಗಿ ಬಿಚ್ಚಿಕೊಳ್ಳುವ ಗಂಟೇ ಒಳ್ಳೆಯ ಗಂಟು. ಎತ್ತಿನ ಕೊರಳಿಗೆ ಕಣ್ಣಿ ಕಟ್ಟಿ ಬೆಳೆದ ರೈತರ ಮಗನಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಅಂಥ ಹುಡುಗನನ್ನು ಮುಂದೆ ಕರೆದು, ಅವನಿಂದಲೇ ಉಳಿದವರಿಗೆ ಕಲಿಸುವ ಶಿಕ್ಷಕನು ಒಂದೇ ಹಗ್ಗದಿಂದ ಎರಡು ಗಂಟು ಹಾಕಿದಂತೆ.

ಹೊಳ್ಳಿ ಹೋಗುವ ಧೈರ್ಯ

ಪ್ರತಿ ಶಿಬಿರದಲ್ಲಿಯೂ ಒಂದು ಗಳಿಗೆ ಬಂದೇ ಬರುತ್ತದೆ. ಎತ್ತಿಪೋತದ ಕಡೆಗೆ ನಡಿಗೆ. ಹೊರಡುವುದು ತಡವಾಗಿ, ಒಂಬತ್ತು ಗಂಟೆಗೇ ಬಿಸಿಲು ಚುರುಗುಟ್ಟುತ್ತಿದೆ. ಇನ್ನೊಂದು ತಿರುವು ದಾಟಿದರೆ ಜಲಪಾತದ ಬಂಡೆ. ಸಾಲಿನ ಕೊನೆಯ ಹುಡುಗನೊಬ್ಬ ತಲೆನೋವೆನ್ನುತ್ತಾನೆ. ಅವನ ಮಾತು ಕಡಿಮೆಯಾಗಿದೆ, ಹೆಜ್ಜೆ ತಡವರಿಸುತ್ತಿದೆ. ಶಿಕ್ಷಕ ಕೈಯೆತ್ತಿ ಎಲ್ಲರನ್ನೂ ನಿಲ್ಲಿಸುತ್ತಾನೆ. ಹುಡುಗನನ್ನು ನೆರಳಿಗೆ ಒಯ್ದು, ಅಂಗಿಯನ್ನು ಸಡಿಲಿಸಿ, ಕೊರಳಿಗೂ ಕಂಕುಳಿಗೂ ಒದ್ದೆ ಬಟ್ಟೆಯನ್ನಿಟ್ಟು ಗಾಳಿ ಬೀಸುತ್ತಾರೆ. ಒಂದು ಲೀಟರು ನೀರಿಗೆ ಆರು ಚಹಾಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿದ ಪಾನಕವನ್ನು ಗುಟುಕುಗುಟುಕಾಗಿ ಕುಡಿಸುತ್ತಾರೆ. ಹುಡುಗ ಚೇತರಿಸಿಕೊಳ್ಳುತ್ತಾನೆ. ಮಾತು ತೊದಲಿ, ಮೈ ಕೆಂಡವಾಗಿ, ಪ್ರಜ್ಞೆ ಮಸುಕಾಗಿದ್ದರೆ ಅದು ಬಿಸಿಲಾಘಾತ. ಪ್ರಜ್ಞೆಯಿಲ್ಲದವನ ಬಾಯಿಗೆ ನೀರು ಹಾಕದೆ, ಮೈಯನ್ನು ತಣಿಸುತ್ತಲೇ ಆಸ್ಪತ್ರೆಗೆ ಧಾವಿಸಬೇಕಾಗುತ್ತಿತ್ತು.

ಹುಡುಗ ಎದ್ದು ಕುಳಿತ ಮೇಲೆ ಉಳಿದವರಿಗೆ ಆಸೆ ಮೂಡುತ್ತದೆ. ಇನ್ನೊಂದೇ ತಿರುವಲ್ಲವೆ? ಒಬ್ಬ ಹುಡುಗಿ ಕೇಳಿಯೇಬಿಡುತ್ತಾಳೆ: “ಇಷ್ಟು ದೂರ ಬಂದು ಹಂಗೇ ಹೊಳ್ಳಿ ಹೋಗೋದೇನ್ರಿ ಸರ್?”

“ಹೌದು ತಂಗಿ. ಬಂಡಿ ಎಲ್ಲಿಗೂ ಓಡಿ ಹೋಗಂಗಿಲ್ಲ. ಶ್ರಾವಣದಾಗ ಅಪ್ಪ ಅವ್ವನ್ನ ಕರ್ಕೊಂಡು ಬಾ. ನೀರು ತುಂಬಿ ಧುಮುಕ್ತಿರ್ತದ.”

ಮಕ್ಕಳು ಗೊಣಗುತ್ತ ಹಿಂದಿರುಗುತ್ತಾರೆ. ಆ ಸಂಜೆ ಶಿಕ್ಷಕನನ್ನು ಹೊಗಳುವವರಿಲ್ಲ. ಅಪಘಾತವಾದರೆ ಊರೆಲ್ಲ ಮಾತಾಡುತ್ತದೆ. ಆಗದೆ ಹೋದ ಅಪಘಾತವನ್ನು ಕಂಡವರು ಯಾರು? 2014ರ ಜೂನ್ ತಿಂಗಳಲ್ಲಿ ಹಿಮಾಚಲದ ಬಿಯಾಸ್ ನದಿಯ ಬಂಡೆಗಳ ಮೇಲೆ ನಿಂತಿದ್ದ ಹೈದರಾಬಾದಿನ 24 ಮಂದಿ ವಿದ್ಯಾರ್ಥಿಗಳು, ಮೇಲಿನ ಅಣೆಕಟ್ಟೆಯಿಂದ ಬಿಟ್ಟ ನೀರಿಗೆ ಕೊಚ್ಚಿಹೋದರು. ಸೇಡಂ, ಚಿಂಚೋಳಿಯ ಮನೆಗಳಿಗೆ ಹೈದರಾಬಾದು ದೂರದ ಊರೇನಲ್ಲ. ಆ ದುಃಖವೂ ದೂರದ್ದಾಗಿರಲಿಲ್ಲ. ನೀರಿನ ದಡದಲ್ಲಿ ಮಕ್ಕಳನ್ನು ನಿಲ್ಲಿಸುವ ಮುನ್ನ ಮೇಲೇನಿದೆ, ಕೆಳಗೇನಿದೆ ಎಂದು ಕೇಳುವ ಒಬ್ಬ ಹಿರಿಯನು ಜೊತೆಗಿರಬೇಕೆಂಬುದನ್ನು ಆ ಘಟನೆ ಎಲ್ಲರಿಗೂ ಕಲಿಸಿತು. ಕಲ್ಲು ತೆಗೆದ ಗುಂಡಿಗಳಲ್ಲಿ ಮಳೆನೀರು ನಿಲ್ಲುವ ಈ ಸೀಮೆಯ ಮಕ್ಕಳಿಗಂತೂ ಆ ಎಚ್ಚರ ಮನೆಯ ಬಾಗಿಲಲ್ಲಿಯೇ ಬೇಕು.

ಆದ್ದರಿಂದ ಮಕ್ಕಳನ್ನು ಇಂಥ ಶಿಬಿರಕ್ಕೆ ಕಳುಹಿಸುವ ತಂದೆತಾಯಂದಿರು, ಬೆಟ್ಟವನ್ನು ಎಷ್ಟು ಎತ್ತರ ಹತ್ತಿಸುತ್ತೀರಿ ಎಂದು ಕೇಳುವುದಕ್ಕಿಂತ, ಯಾವಾಗ ಹಿಂದಿರುಗುತ್ತೀರಿ ಎಂದು ಕೇಳುವುದು ಲೇಸು. ಎಷ್ಟು ಮಕ್ಕಳಿಗೆ ಒಬ್ಬ ಶಿಕ್ಷಕ, ಅವನಿಗೆ ಪ್ರಥಮೋಪಚಾರದ ತರಬೇತಿ ಆಗಿದೆಯೆ, ಅರಣ್ಯ ಇಲಾಖೆಯ ಅನುಮತಿ ಇದೆಯೆ, ರಾತ್ರಿ ವಾಹನ ಸಿದ್ಧವಿರುತ್ತದೆಯೆ, ನಡುಹಗಲಿನಲ್ಲಿ ಮಕ್ಕಳು ಎಲ್ಲಿರುತ್ತಾರೆ? ಈ ಪ್ರಶ್ನೆಗಳಿಗೆ ಬೇಸರಪಡದೆ ಉತ್ತರಿಸುವವರ ಕೈಗೆ ಮಕ್ಕಳನ್ನು ಒಪ್ಪಿಸಬಹುದು. ಮೇ ತಿಂಗಳೇ ಆಗಬೇಕೆಂಬ ಹಟವೂ ಬೇಡ. ಈ ಸೀಮೆಯ ಕಾಡಿಗೆ ನವೆಂಬರಿನಿಂದ ಫೆಬ್ರವರಿಯವರೆಗಿನ ತಂಪು ದಿನಗಳು ಹೆಚ್ಚು ಒಪ್ಪುತ್ತವೆ. ದಸರೆಯ ರಜೆಯಲ್ಲಿ ಗುಡ್ಡ ಇನ್ನೂ ಹಸುರಾಗಿರುತ್ತದೆ. ಬೇಸಿಗೆಯಲ್ಲಿಯೇ ನಡೆಸುವುದಾದರೆ ಅದು ಬೇಸಿಗೆಗೆ ತಲೆಬಾಗಿದ ಶಿಬಿರವಾಗಿರಬೇಕು.

ಶಿಕ್ಷಕರು ಎಲ್ಲಿಂದ ಬರಬೇಕು ಎಂಬುದು ಕೊನೆಯ ಪ್ರಶ್ನೆ. ಹಗ್ಗ ಹಿಡಿದು ಬಂಡೆ ಹತ್ತುವ ವಿದ್ಯೆಯನ್ನು ಬಾದಾಮಿಯ ಕಲ್ಲುಗಳೂ ಉತ್ತರಕಾಶಿಯ ಹಿಮವೂ ಕಲಿಸುತ್ತವೆ. ಆ ಶಿಸ್ತು ಬೇಕು. ಆದರೆ ಚಿಂಚೋಳಿಯ ಕಾಡನ್ನು ಕಲಿಸುವವರು ತಾಂಡಾಗಳಲ್ಲಿಯೂ ಕುರಿಹಟ್ಟಿಗಳಲ್ಲಿಯೂ ಇದ್ದಾರೆ. ಅಲ್ಲಿನ ತರುಣತರುಣಿಯರು ದುಡಿಮೆಗಾಗಿ ದೂರದ ನಗರಗಳಿಗೆ ಗುಳೆ ಹೋಗುತ್ತಾರೆ. ಅವರ ಊರಿನ ಕಾಡನ್ನು ಕಲಿಯಲು ನಗರದ ಮಕ್ಕಳು ಇಲ್ಲಿಗೆ ಬರುತ್ತಾರೆ. ಆ ತರುಣರಿಗೆ ಪ್ರಥಮೋಪಚಾರ, ಬೋಧನಕ್ರಮಗಳ ತರಬೇತಿಯನ್ನಿತ್ತು, ತಕ್ಕ ಸಂಬಳವನ್ನಿತ್ತು ಶಿಕ್ಷಕರನ್ನಾಗಿ ಮಾಡಿದರೆ ಶಿಬಿರಕ್ಕೂ ಲಾಭ, ಕಾಡಿಗೂ ಲಾಭ. ಕಾಡಿನಿಂದ ಗೌರವದ ಅನ್ನವನ್ನು ಕಂಡವನು ಕಾಡಿಗೆ ಬೆಂಕಿ ಬೀಳಲು ಬಿಡುವುದಿಲ್ಲ.

ಒಂಬತ್ತನೆಯ ಶತಮಾನದಲ್ಲಿ ಇದೇ ಕಾಗಿಣಾ ತೀರದಲ್ಲಿ, ನೃಪತುಂಗ ಅಮೋಘವರ್ಷನ ಆಸ್ಥಾನದಲ್ಲಿ, ಶ್ರೀವಿಜಯನು ‘ಕವಿರಾಜಮಾರ್ಗ’ವನ್ನು ರಚಿಸಿದನು. ಶಾಸ್ತ್ರವನ್ನು ಅಭ್ಯಾಸ ಮಾಡದಿದ್ದರೂ ಕಾವ್ಯದ ಹದವನ್ನು ಬಲ್ಲ ನಾಡವರನ್ನು ಆ ಗ್ರಂಥ ಮೆಚ್ಚಿಕೊಂಡಿದೆ. ಹಾಗೆ ನೆಲದ ಹದವನ್ನು ಬಲ್ಲವರು ಚಿಂಚೋಳಿಯ ಗುಡ್ಡಗಳಲ್ಲಿ ಇಂದಿಗೂ ಇದ್ದಾರೆ. ಅವರ ಮಾತಿಗೆ ಕಿವಿಗೊಟ್ಟ ಶಿಬಿರದಿಂದ ಆದಿತ್ಯನಗರಕ್ಕೆ ಮರಳುವ ಮಕ್ಕಳ ಚೀಲದಲ್ಲಿ ಪ್ರಶಸ್ತಿಪತ್ರವಿಲ್ಲದಿದ್ದರೂ ಚಿಂತೆಯಿಲ್ಲ. ಮರುದಿನ ಮನೆಯ ಅಂಗಳದಲ್ಲಿ ಕೋಲೊಂದನ್ನು ನೆಟ್ಟು, ನೆರಳಿನ ತುದಿಗೆ ಹರಳಿಟ್ಟು, ಅಕ್ಕಪಕ್ಕದ ಚಿಕ್ಕ ಮಕ್ಕಳನ್ನು ಕೂಗಿ ಕರೆದರೆ ಸಾಕು. ಶಿಕ್ಷಕನ ಬೇಸಿಗೆ ಸಾರ್ಥಕವಾಯಿತು.